ಕೊಚ್ಚಿ ಕಟ್ಟೆಯಲ್ಲಿ ನಿಂತ ಇಬ್ಬರು

ನೀಲಗಿರಿಯ ನಮ್ಮ ಹುಬ್ಬತಲೈ ಊರಿನಲ್ಲಿ ಯಾರಾದರೂ ತೀರಿಕೊಂಡರೆ ನೆಂಟರಿಷ್ಟರಿಗಿಂತ ಮೊದಲು ನನಗೆ ಫೋನ್ ಬರುತ್ತದೆ. ಹಾಗಂತ ನಾನೇನೂ ಊರಿನ ದೊಡ್ಡ ಮನುಷ್ಯಳಲ್ಲ. ವೆಲ್ಲಿಂಗ್ಟನ್ ಬಜಾರಿನಲ್ಲಿ ಅಪ್ಪ ಬಿಟ್ಟುಹೋದ ಫೋಟೋ ಸ್ಟುಡಿಯೋ ನಡೆಸುತ್ತೇನೆ, ಅಷ್ಟೆ. ಸಾವಿನ ಮನೆಗೆ ಫ್ಲೆಕ್ಸ್ ಬೇಕು, ಫ್ಲೆಕ್ಸಿಗೆ ಮುಖ ಬೇಕು, ಆ ಮುಖ ಹುಡುಕಿಕೊಡುವವಳು ಸಿಂಧುಜಾ.

ತಂದುಕೊಡುವುದಾದರೂ ಎಂಥ ಫೋಟೋ ಅಂತೀರಿ? ಯಾರದೋ ಮದುವೆಯ ಗುಂಪು. ಸತ್ತವರು ಹಿಂದಿನ ಸಾಲಿನಲ್ಲಿ, ಪಕ್ಕದವನ ಭುಜಕ್ಕೆ ಅರ್ಧ ಮರೆಯಾಗಿ, ಕಣ್ಣು ಮುಚ್ಚಿಕೊಂಡು ನಿಂತಿರುತ್ತಾರೆ. ನಾನು ಅವರನ್ನು ಗುಂಪಿನಿಂದ ಬಿಡಿಸಿ, ಪಕ್ಕದವನ ಭುಜ ಅಳಿಸಿ, ಕಣ್ಣು ತೆರೆಸಿ, ಹಿಂದೆ ನೀಲಿ ಬಣ್ಣ ತುಂಬಿ ಕೊಡುತ್ತೇನೆ. ಬದುಕಿದ್ದಾಗ ಒಂದು ದಿನವೂ ಕೋಟು ಮುಟ್ಟದವರಿಗೆ ಕೋಟು ತೊಡಿಸಿ ಕಳಿಸಿದ್ದೇನೆ. ಇಷ್ಟು ವರ್ಷ ಇದನ್ನೇ ಮಾಡಿ ಮಾಡಿ ನನ್ನ ಕೈಗೆ ಒಂದು ಚಟ ಹತ್ತಿಬಿಟ್ಟಿದೆ. ಯಾವ ಫೋಟೋ ಸಿಕ್ಕಿದರೂ ಮೊದಲು ಮುಖ ಎಲ್ಲಿದೆ ಅಂತ ನೋಡುತ್ತೇನೆ, ಉಳಿದದ್ದನ್ನು ಕತ್ತರಿಸಿ ಎಸೆಯುತ್ತೇನೆ.

ಇಂಥ ನನ್ನನ್ನೇ ಸೋಲಿಸಿದವಳು ಲಿಂಗಿ ಹೆತ್ತೆ. ಹೆತ್ತೆ ಅಂದರೆ ನಮ್ಮ ಬಡಗರ ಮಾತಿನಲ್ಲಿ ಅಜ್ಜಿ. ನನಗೆ ರಕ್ತಸಂಬಂಧವಿಲ್ಲ, ಪಕ್ಕದ ಮನೆ. ಎಂಬತ್ತು ದಾಟಿದ್ದಾಳೆ, ಈಗಲೂ ಮನೆ ಹಿಂದಿನ ತೋಟದಲ್ಲಿ ಚಹಾ ಎಲೆ ಕೀಳುತ್ತಾಳೆ, ಬೇಡ ಅಂದ ಮಗನಿಗೆ ಬೈಯುತ್ತಾಳೆ. ಬಿ.ಪಿ. ಮಾತ್ರೆಗೆ ಬಜಾರಿಗೆ ಇಳಿದಾಗಲೆಲ್ಲ ಸ್ಟುಡಿಯೋದೊಳಗೆ ಬಂದು, ಪಾಸ್‌ಪೋರ್ಟ್ ಫೋಟೋಗೆ ಕೂರಿಸುವ ಸ್ಟೂಲಿನ ಮೇಲೆ ಕುಳಿತು, ಒಂದೇ ಮಾತು ಕೇಳುತ್ತಾಳೆ.

"ಎನ್ನ ಅಪ್ಪನ ಮೊಗ ಸಿಕ್ಕಿತಾ, ಕೂಸೆ?"

"ಇಲ್ಲೆ, ಹೆತ್ತೆ."

"ಸರಿ, ನೋಡು ನೋಡು. ನಿನ್ನ ಪೆಟ್ಟಿಗೆಯಲ್ಲಿ ಎಷ್ಟು ಜನದ ಮೊಗ ಇದ್ದು," ಎಂದು ಕಂಪ್ಯೂಟರಿನ ಕಡೆ ಬೆರಳು ತೋರಿಸಿ ಎದ್ದುಹೋಗುತ್ತಾಳೆ. ನಾನೇ ಎಲ್ಲೋ ಬಚ್ಚಿಟ್ಟುಕೊಂಡು ಕೊಡುತ್ತಿಲ್ಲ ಎಂಬಂತೆ.

ಅವಳ ಅಪ್ಪನ ಹೆಸರು ನಂಜ. ಎರಡನೆಯ ಮಹಾಯುದ್ಧದ ಕಾಲ. ಕೂನೂರಿನ ಕಡೆಯ ಒಂದು ಟೀ ಫ್ಯಾಕ್ಟರಿಯವರು ರೈಲಿನಲ್ಲಿ ಚಹಾ ಪೆಟ್ಟಿಗೆಗಳನ್ನು ಕೊಚ್ಚಿಯ ಹಡಗುಕಟ್ಟೆಗೆ ಕಳಿಸುತ್ತಿದ್ದರು. ಅಲ್ಲಿ ಇಳಿಸಿಕೊಂಡು ಕಾಯಲು ನಂಬಿಕೆಯ ಜನ ಬೇಕು ಅಂತ ನಂಜನನ್ನು ಕರೆದರು. ಹೆಂಡತಿ ಬಸುರಿ. ಏಳನೆಯ ತಿಂಗಳಲ್ಲಿ ಗಂಡ ಅವಳ ಕೊರಳಿಗೆ ದಾರ ಕಟ್ಟುವ ಶಾಸ್ತ್ರ ನಮ್ಮಲ್ಲಿದೆ. ಅದನ್ನು ಮುಗಿಸಿದ ವಾರದಲ್ಲೇ ಅವನು ಬೆಟ್ಟ ಇಳಿದ. ಅಲ್ಲಿ ಯಾವುದೋ ಜ್ವರ ಬಂತು. ಮಗು ಹುಟ್ಟಿದ ಸುದ್ದಿ ಇಲ್ಲಿಂದ ಹೊರಡುವ ಮೊದಲೇ ಅವನು ಹೋದ ಸುದ್ದಿ ಅಲ್ಲಿಂದ ಬಂದುಬಿಟ್ಟಿತು. ಮೈ ಬರಲಿಲ್ಲ, ಬಟ್ಟೆಯೂ ಬರಲಿಲ್ಲ. ಫೋಟೋ ಎನ್ನುವುದು ಆಗ ದೊರೆಗಳ ಮನೆಯ ವಸ್ತು.

ಮುಖ ಯಾಕಷ್ಟು ಬೇಕು ಅಂತ ಒಮ್ಮೆ ಸಿಡುಕಿನಿಂದಲೇ ಕೇಳಿದ್ದೆ. ಅಂಗಡಿಯಲ್ಲಿ ಜನ ತುಂಬಿದ್ದರು, ಹೆತ್ತೆ ಸ್ಟೂಲು ಬಿಟ್ಟು ಏಳುತ್ತಿರಲಿಲ್ಲ.

"ಎನ್ನ ಮದುವೆ ದಿನ ಮಾಮ ತಲೆ ಮೇಲೆ ಕೈ ಇಟ್ಟ," ಎಂದಳು. "ಹಟ್ಟಿಯ ಹಿರಿಯರೆಲ್ಲ ಇಟ್ಟರು. ಅಪ್ಪನ ಕೈ ಎನ್ನ ತಲೆಯ ಮುಟ್ಟಿದ್ದೇ ಇಲ್ಲೆ. ಮೊಗ ಒಂದು ಗೋಡೆಲಿ ಇದ್ದರೆ ಅದರ ಮುಂದೆ ಆದರೂ ಬಾಗಲಾಮಲ್ಲಾ, ಕೂಸೆ?"

ನಮ್ಮವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಬಡಗರಲ್ಲಿ ಹಿರಿಯರು ಎದುರಾದರೆ ಕಿರಿಯರು ತಲೆ ಬಾಗಿಸಿ ನಿಲ್ಲುತ್ತೇವೆ. ಗಂಡಸರು ತಲೆಯ ಮೇಲೆ ರುಮಾಲಿದ್ದರೆ ತೆಗೆಯುತ್ತಾರೆ. ಹಿರಿಯರು ಬಲಗೈಯನ್ನು ನೆತ್ತಿಯ ಮೇಲಿಟ್ಟು "ಬದುಕು, ಬದುಕು" ಎಂದು ಶುರುಮಾಡಿ, ಒಂದು ಸಾವಿರವಾಗು ಅನ್ನುವವರೆಗೆ ಹರಸುತ್ತಾರೆ. ಮದುವೆಮನೆ, ಸಾವಿನಮನೆ ಅಂತಿಲ್ಲ. ಊಟಿ ಬಸ್‌ಸ್ಟ್ಯಾಂಡಿನಲ್ಲೂ, ಆಸ್ಪತ್ರೆಯ ಕ್ಯೂನಲ್ಲೂ ಇದು ನಡೆಯುತ್ತದೆ. ಸೋಮವಾರ ದೀಪ ಹಚ್ಚಿದ ಮೇಲೆ ಗೋಡೆಯ ಮೇಲಿನ ಹಿರಿಯರ ಫೋಟೋಗಳ ಮುಂದೆ ಲಿಂಗಿ ಹೆತ್ತೆ ಒಂದೊಂದಾಗಿ ಬಾಗುತ್ತಾಳೆ. ಗಂಡ, ಅತ್ತೆ, ಮಾವ, ತಾಯಿ. ಅಲ್ಲಿಗೆ ಸಾಲು ಮುಗಿಯುತ್ತದೆ.

ಅವತ್ತಿನಿಂದ ನಾನು ಸಿಡುಕುವುದು ಬಿಟ್ಟೆ.

ಹೋದ ವರ್ಷ ಅವಳ ಮೊಮ್ಮಗಳು ನಿವೇತಾ ಕೊಯಮತ್ತೂರಿನ ಕಾಲೇಜಿನಿಂದ ರಜೆಗೆ ಬಂದವಳು ಮೊಬೈಲಿನಲ್ಲೇ ಮುತ್ತಜ್ಜನ ಚಿತ್ರ ಬರೆಸುತ್ತೇನೆ ಅಂತ ಹೊರಟಳು. ಅದರಲ್ಲಿರುವ ಎ.ಐ. ನಾವು ಹೇಳಿದ ಹಾಗೆ ಬರೆದುಕೊಡುತ್ತದಂತೆ. "ನಿಮ್ಮಪ್ಪ ಎತ್ತೆ ಇದ್ದರು, ಹೇಳು ಹೆತ್ತೆ," ಎಂದು ಚಹರೆ ಕೇಳಿದಳು. ಹೆತ್ತೆಗೆ ಗೊತ್ತಿದ್ದದ್ದು ತನ್ನ ತಾಯಿ ಹೇಳಿದ್ದಷ್ಟೇ. ಮಾತು ಕಡಿಮೆ, ನಡಿಗೆ ಜೋರು, ತಲೆಯಲ್ಲಿ ಎರಡು ಸುಳಿ, ಬಾಚಣಿಗೆಗೆ ಬಗ್ಗದ ಕೂದಲು. ಇಷ್ಟರಲ್ಲಿ ಎಂಥ ಮುಖ ಬರಬೇಕು? ಗಿರಿಜಾ ಮೀಸೆಯ, ಕೆಂಪು ತುಟಿಯ ಒಬ್ಬ ಗಂಡಸು ಬಂದ. ಹೆತ್ತೆ ಮೊಬೈಲನ್ನು ದೂರ ಹಿಡಿದು ನೋಡಿ, "ಇವ ಸಿನಿಮಾದವ. ಇವನ ಮುಂದೆ ನಾ ಬಾಗುದಿಲ್ಲೆ," ಎಂದು ವಾಪಸ್ ಕೊಟ್ಟಳು.

ಈ ವರ್ಷ ಮಳೆ ಬಿಟ್ಟ ಮೇಲೆ ಗೂಡಲೂರಿನಿಂದ ಮುರಳೀಧರನ್ ಸಾರ್ ಬಂದರು. ಏಲಕ್ಕಿ ವ್ಯಾಪಾರಿ, ಅರವತ್ತರ ಆಚೆಯವರು. ನಡುವಟ್ಟಂ ಘಾಟಿಯ ತಿರುವುಗಳುದ್ದಕ್ಕೂ ತೊಡೆಯ ಮೇಲಿಂದ ಇಳಿಸದೆ ಒಂದು ತಗಡಿನ ಪೆಟ್ಟಿಗೆ ತಂದಿದ್ದರು. ಅವರು ಮಲಯಾಳಂ ಮಾತಾಡುತ್ತಾರೆ, ನಾನು ತಮಿಳು. ನಡುವೆ ಎಲ್ಲೋ ಇಬ್ಬರಿಗೂ ಅರ್ಥವಾಗುತ್ತದೆ.

"ಎಂಡೆ ಅಪ್ಪೂಪ್ಪನ್ ತೆಗೆದದ್ದು, ಮೋಳೇ," ಎಂದು ಪೆಟ್ಟಿಗೆಯನ್ನು ತೆರೆದರು. ಅವರ ಅಜ್ಜ ಕೊಚ್ಚಿಯಲ್ಲಿ ಫೋಟೋ ತೆಗೆಯುತ್ತಿದ್ದವರಂತೆ. ಹಡಗುಕಟ್ಟೆ, ಅದರ ಪಕ್ಕದ ರೈಲು ನಿಲ್ದಾಣ, ಯುದ್ಧದ ಹೊತ್ತಿಗೆ ಎರಡೂ ಹೊಸದಾಗಿದ್ದಾಗ ಓಡಾಡಿ ತೆಗೆದ ಫೋಟೋಗಳು. ಅವನ್ನೆಲ್ಲ ಸ್ಕ್ಯಾನ್ ಮಾಡಿ ದೊಡ್ಡದಾಗಿ ಪ್ರಿಂಟ್ ಹಾಕಿಕೊಡಬೇಕು, ಕೊಚ್ಚಿಯಲ್ಲಿ ಮೊಮ್ಮಕ್ಕಳೆಲ್ಲ ಸೇರಿ ಒಂದು ಪ್ರದರ್ಶನ ಇಡುತ್ತಿದ್ದೇವೆ ಎಂದರು.

ಎಂಥ ಫೋಟೋಗಳು ಅವು! ನಾನು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ನೋಡುತ್ತ ಕುಳಿತೆ. ಒಬ್ಬ ಪ್ರಯಾಣಿಕನೂ ಇಲ್ಲದ ಹೊಸ ನಿಲ್ದಾಣ, ಸುಣ್ಣ ಇನ್ನೂ ಒಣಗದ ಗೋಡೆ. ಉಗಿ ಬಿಡುತ್ತಿರುವ ಎಂಜಿನ್ನಿನ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತ ಡ್ರೈವರು. ಹಡಗಿನ ಹೊಟ್ಟೆಯೊಳಗೆ ಮೂಟೆ ಇಳಿಸುವ ಕ್ರೇನು. ಹಳಿಯ ಮೇಲೆ ಮಲಗಿದ ನಾಯಿ. ಕಪ್ಪಿರುವ ಕಡೆಯೆಲ್ಲ ಬೆಳ್ಳಿಯ ಹಾಗೆ ಒಂದು ಹೊಳಪು ಎದ್ದಿತ್ತು. ಹಳೆಯ ಪ್ರಿಂಟಿಗೆ ವಯಸ್ಸಾದರೆ ಹಾಗಾಗುತ್ತದೆ. ಸಮುದ್ರವನ್ನು ಎರಡೇ ಎರಡು ಸಲ ನೋಡಿದವಳು ನಾನು. ನನಗೆ ಆ ಊರಿನ ಮೇಲೆ ಪ್ರೀತಿಯೇ ಹುಟ್ಟಿಬಿಟ್ಟಿತು.

ಆಮೇಲೆ ಆ ಫೋಟೋ ಕೈಗೆ ಬಂತು. ಅಜ್ಜ ರೈಲಿನ ಡಬ್ಬಿಯ ಮೇಲೆ ಹತ್ತಿ ತೆಗೆದಿರಬೇಕು, ಎಲ್ಲವೂ ಮೇಲಿನಿಂದ ಕಾಣುತ್ತಿತ್ತು. ಕಟ್ಟೆಯ ತುಂಬ ತಗಡಿನ ಅಂಚಿನ ಚಹಾ ಪೆಟ್ಟಿಗೆಗಳು. ನಡುವೆ ಬಿಳಿ ರುಮಾಲು, ಬಿಳಿ ಹೊದಿಕೆಯ ಒಬ್ಬ ಹಿರಿಯ. ಅವನ ಮುಂದೆ ರುಮಾಲು ಕಂಕುಳಲ್ಲಿ ಇರುಕಿಕೊಂಡು ತಲೆ ಬಾಗಿಸಿದ ಇನ್ನೊಬ್ಬ. ಹಿರಿಯನ ಬಲಗೈ ಅವನ ತಲೆಯ ಮೇಲೆ.

ಮುರಳೀಧರನ್ ಸಾರ್ ಹಿಂದೆ ತಿರುಗಿಸಿ ಪೆನ್ಸಿಲಿನ ಅಕ್ಷರ ಓದಿದರು. "ಹಡಗು ಹತ್ತುವ ಮುಂಚೆ ಕೂಲಿಯವನಿಗೆ ಪೂಜಾರಿಯ ಆಶೀರ್ವಾದ."

ನನಗೆ ನಗು ತಡೆಯಲಾಗಲಿಲ್ಲ. "ಅವರು ಪೂಜಾರಿಯಲ್ಲ ಸಾರ್. ಇವರು ಹಡಗು ಹತ್ತುವವರೂ ಅಲ್ಲ. ಇಬ್ಬರೂ ನಮ್ಮವರು, ಬಡಗರು. ಎದುರಾದರು, ಯಾವ ಹಟ್ಟಿ ಅಂತ ಕೇಳಿಕೊಂಡರು, ಇವನು ಬಾಗಿದ. ಅಷ್ಟೇ."

"ಅಷ್ಟೇನಾ?"

"ಅಷ್ಟೇ. ಕೈ ಇಡಿ ಸಾರ್, ತೋರಿಸುತ್ತೇನೆ," ಎಂದು ಅವರ ಮುಂದೆ ತಲೆ ಬಾಗಿಸಿದೆ. ಪಾಪ, ಅವರು ಸಂಕೋಚದಿಂದ ಎರಡು ಬೆರಳು ಮುಟ್ಟಿಸಿದರು. ಇಬ್ಬರೂ ನಕ್ಕೆವು. ಅಜ್ಜನ ತಪ್ಪು ಸರಿಮಾಡಿ ಹಾಕುತ್ತೇನೆ, ಬಡಗರು ಅಂತಲೇ ಬರೆಸುತ್ತೇನೆ ಎಂದು ಅವರು ಖುಷಿಪಟ್ಟರು.

ನಗು ಮುಗಿದ ಮೇಲೆ ಫೋಟೋವನ್ನು ಮತ್ತೆ ಕೈಗೆತ್ತಿಕೊಂಡೆ. ಕೊಚ್ಚಿ. ಆ ವರ್ಷಗಳು. ಚಹಾ ಪೆಟ್ಟಿಗೆ. ಬಡಗ. ಈ ಕಟ್ಟೆಗೆ ನಮ್ಮವರು ಎಷ್ಟು ಜನ ಹೋಗಿದ್ದಾರು? ನಾನು ಫೋಟೋ ಸ್ಕ್ಯಾನ್ ಮಾಡಿ, ಆ ಹಿರಿಯನ ಮುಖ ದೊಡ್ಡದು ಮಾಡಿ ನೋಡಿದೆ. ಅಗಲ ಹಣೆ, ತೂಗುವ ಮೀಸೆ, ಸ್ಪಷ್ಟವಾದ ಮುಖ. ಗುಂಪಿಲ್ಲ, ಮರೆಯಿಲ್ಲ, ಕಣ್ಣು ತೆರೆದೇ ಇದೆ. ಇಂಥ ಫೋಟೋ ನನ್ನ ಕೈಗೆ ಸಿಗುವುದೇ ಅಪರೂಪ. ಇವನೇ ನಂಜ ಅಂತ ತೀರ್ಮಾನಿಸಿಬಿಟ್ಟೆ. ಬಾಗಿ ನಿಂತವನು ಆಗ ನನಗೆ ಕಾಣಲೇ ಇಲ್ಲ. ಮುಖವಿಲ್ಲದವನನ್ನು ನನ್ನ ಕಸುಬು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುರಳೀಧರನ್ ಸಾರ್ ಒಪ್ಪಿಗೆ ಕೊಟ್ಟದ್ದೇ ತಡ, ಆ ಮುಖವನ್ನು ಎದೆಯವರೆಗೆ ಕತ್ತರಿಸಿ, ನೀಲಿ ಹಿನ್ನೆಲೆ ಹಾಕಿ, ಚಿನ್ನದ ಅಂಚಿನ ಫ್ರೇಮು ಕಟ್ಟಿಸಿದೆ.

ಸೋಮವಾರ ಬೆಳಗ್ಗೆ ಅದನ್ನು ಬಟ್ಟೆಯಲ್ಲಿ ಸುತ್ತಿ ಹೆತ್ತೆಯ ಮನೆಗೆ ತೆಗೆದುಕೊಂಡು ಹೋದೆ. ಫೋನಿನಲ್ಲಿ ಮೊದಲೇ ಹೇಳಿದ್ದು ನನ್ನ ಬಾಯಿಯ ದೋಷ. ಮನೆ ತುಂಬ ಜನ. ನಿವೇತಾ ಕಾಲೇಜಿಗೆ ರಜೆ ಹಾಕಿ ಬಂದಿದ್ದಳು. ಫ್ರೇಮು ಬಿಚ್ಚಿದ ಕೂಡಲೇ ಶುರುವಾಯಿತು ನೋಡಿ. ಹೆತ್ತೆಯ ಮಗ ರಾಜೇಶ್‌ಕುಮಾರ್ ಕನ್ನಡಿ ತರಿಸಿ ಮೂಗು ತನ್ನದೇ ಅಂದ. ಎದುರುಮನೆಯವಳು ಕಿವಿ ನೋಡಿ ಕಣ್ಣೊರೆಸಿಕೊಂಡಳು. ಹಣೆ ನೋಡಿ, ಇದು ಈ ಮನೆತನದ ಹಣೆಯೇ ಸೈ ಅಂತ ಇನ್ನಾರೋ ತೀರ್ಪು ಕೊಟ್ಟರು. ನಾನು ಹೆಮ್ಮೆಯಿಂದ ಕಾಫಿ ಕುಡಿಯುತ್ತಿದ್ದೆ.

ಹೆತ್ತೆ ಮಿಂದು, ಒಗೆದ ಬಿಳಿ ಮುಂಡು ಉಟ್ಟು, ತಲೆಗೆ ಪಟ್ಟು ಎನ್ನುವ ಬಿಳಿ ವಸ್ತ್ರ ಕಟ್ಟಿಕೊಂಡು ಒಳಗಿನಿಂದ ಬಂದಳು. ಫ್ರೇಮಿನ ಮುಂದೆ ನಿಂತು ಕೈ ಜೋಡಿಸಿ, ಇನ್ನೇನು ಬಾಗಬೇಕು, ನಿಂತುಬಿಟ್ಟಳು.

"ಕೂಸೆ, ಇವನ ಬಲಗೈ ಎಲ್ಲಿ?"

"ಕೈ ಕೆಳಗೆ ಇದ್ದು ಹೆತ್ತೆ. ಮೊಗ ದೊಡ್ಡದಾಗಿ ಬರಲಿ ಅಂತ ನಾನೇ..."

"ಕೆಳಗೆ ಇಲ್ಲೆ. ಈ ಭುಜ ನೋಡು, ಎದ್ದು ಇದ್ದು. ಕೈ ಮುಂದೆ ಚಾಚಿದ್ದಾನೆ." ಅವಳು ತನ್ನ ಬಲಗೈಯನ್ನು ಅದೇ ಎತ್ತರಕ್ಕೆ ಚಾಚಿ ತೋರಿಸಿದಳು. "ಇವ ಹರಸುತ್ತಿದ್ದಾನೆ. ಎನ್ನ ಅಪ್ಪ ಆಗ ಸಣ್ಣ ಹುಡುಗ, ನಿವೇತಾಗಿಂತ ಎರಡು ಮೂರು ವರುಷ ದೊಡ್ಡವ. ಅವ ಯಾರ ಹರಸುವಾ? ಇವ ಎನ್ನ ಅಪ್ಪ ಅಲ್ಲ. ಇವನ ಕೈ ಯಾರ ತಲೆ ಮೇಲೆ ಇದ್ದು, ಹೇಳು."

ಕಾಫಿ ಲೋಟ ಕೆಳಗಿಟ್ಟೆ. ಮೊಬೈಲು ತೆಗೆದು ಇಡೀ ಫೋಟೋ ತೋರಿಸಿದೆ. ಅಷ್ಟು ಚಿಕ್ಕದರಲ್ಲಿ ಹೆತ್ತೆಗೆ ಏನು ಕಾಣಬೇಕು? ನಿವೇತಾ ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡು ಏನೋ ಒತ್ತಿದಳು. ಗೋಡೆಯ ಮೇಲಿನ ದೊಡ್ಡ ಟಿವಿಯಲ್ಲಿ ಕೊಚ್ಚಿ ಬಂತು. ಹಡಗುಕಟ್ಟೆ, ಹಳಿ, ಪೆಟ್ಟಿಗೆಗಳು, ಆ ಇಬ್ಬರು. ನಿವೇತಾ ಇನ್ನೂ ದೊಡ್ಡದು ಮಾಡುತ್ತ ಹೋದಳು. ಕೊನೆಗೆ ಟಿವಿಯ ತುಂಬ ಉಳಿದದ್ದು ಬಾಗಿದ ಒಂದು ತಲೆ, ಅದರ ಅಂಚಿನಲ್ಲಿ ಬೇರೊಬ್ಬನ ಕೈ.

ಮೇಲಿನಿಂದ ತೆಗೆದ ಫೋಟೋ ಅಲ್ಲವೇ? ನೆತ್ತಿ ನೇರವಾಗಿ ನಮ್ಮ ಕಡೆಗಿತ್ತು. ಕರೀ ಕೂದಲು, ಅದರಲ್ಲಿ ಎರಡು ಸುಳಿ. ಒಂದು ಈ ಕಡೆ ತಿರುಗಿದರೆ ಇನ್ನೊಂದು ಆ ಕಡೆ.

ಹೆತ್ತೆ ಟಿವಿಯ ಹತ್ತಿರ ಹೋದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅಷ್ಟು ಜನರ ನಡುವೆ, ಗಂಡಸರ ಎದುರಿಗೇ, ತಲೆಯ ಪಟ್ಟು ಬಿಚ್ಚಿದಳು. ಅವಳ ಬರಿಯ ತಲೆಯನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನನ್ನ ಮುಂದೆ ಬಂದು ಕುತ್ತಿಗೆ ಬಗ್ಗಿಸಿ, "ನೋಡು," ಎಂದಳು. "ನಿನ್ನ ಕಣ್ಣು ಚೊಕ್ಕ ಇದ್ದು. ಸರಿಯಾಗಿ ನೋಡಿ ಹೇಳು."

ತೆಳ್ಳಗಾದ ಬಿಳಿ ಕೂದಲಿನ ನಡುವೆ ಎರಡು ಸುಳಿ. ಒಂದು ಈ ಕಡೆ, ಇನ್ನೊಂದು ಆ ಕಡೆ. ನಾನು ಟಿವಿಯನ್ನೊಮ್ಮೆ, ಅವಳ ನೆತ್ತಿಯನ್ನೊಮ್ಮೆ ನೋಡಿದೆ. ಬಾಯಿ ಬಿಟ್ಟರೆ ಅಳು ಬರುತ್ತಿತ್ತು, ಅದಕ್ಕೇ ಸುಮ್ಮನೆ ತಲೆಯಾಡಿಸಿದೆ. ಬಗ್ಗಿದ್ದವಳಿಗೆ ಅದು ಕಾಣಲಿಲ್ಲ. "ಇದ್ದು ಹೆತ್ತೆ," ಎಂದು ಗಟ್ಟಿಯಾಗಿಯೇ ಹೇಳಬೇಕಾಯಿತು.

ಮೂಗು ಹೋಲಿಸಿದ್ದ ರಾಜೇಶ್‌ಕುಮಾರ್‌ಗೆ ಸ್ವಲ್ಪ ಅವಮಾನವಾಗಿರಬೇಕು. "ಎರಡು ಸುಳಿ ಎಷ್ಟೋ ಜನಕ್ಕೆ ಇರುದು, ಅವ್ವೆ. ಇದೇ ನಂಜ ಅಂತ ಎತ್ತೆ ಹೇಳುದು?" ಎಂದ.

"ಇರಲಿ," ಎಂದಳು ಹೆತ್ತೆ. "ಅವ್ವೆ ಎನ್ನ ತಲೆ ಬಾಚುವಾಗಲೆಲ್ಲ ಹೇಳುತ್ತಿದ್ದಳು. ನಿನ್ನ ಅಪ್ಪಗೂ ಹಿಂಗೆಯೇ, ಎಣ್ಣೆ ಹಚ್ಚಿದರೂ ನಿಲ್ಲದ ಕೂದಲು ಅಂತ. ಎನಗೆ ಗೊತ್ತಾತು. ನಿನಗೆ ಗೊತ್ತಾಗದಿದ್ದರೆ ಬಿಡು."

ಆದರೆ ಅವಳ ದನಿ ಇಳಿದಿತ್ತು. "ಮೊಗ ಇಲ್ಲೆ," ಎಂದು ತನಗೆ ತಾನೇ ಅಂದುಕೊಂಡಳು. ಇಷ್ಟು ವರ್ಷ ಕಾದಿದ್ದಕ್ಕೆ ಅಪ್ಪ ಸಿಕ್ಕಿದ್ದ, ಬಾಗುವುದಕ್ಕೆ ಮುಖ ಸಿಕ್ಕಿರಲಿಲ್ಲ.

ನಿವೇತಾ ಅಜ್ಜಿಯ ತೋಳು ಹಿಡಿದುಕೊಂಡಳು. "ಹೆತ್ತೆ, ನಾ ಕಂಪ್ಯೂಟರಿಲಿ ತಲೆ ಮೇಲಕ್ಕೆ ಎತ್ತಿಸಲೆ? ಮೊಗ ಹಿಂಗೆ ಇದ್ದಿರಲಾಂ ಅಂತ ಅದೇ ಊಹೆ ಮಾಡಿ ತೋರಿಸುತ್ತು. ಸಿಂಧುಜಕ್ಕನೂ ಸೇರಿದರೆ ಚೆನ್ನಾಗಿ ಬರುತ್ತು."

ನಾನೂ ಹೂಂ ಅನ್ನುವವಳಿದ್ದೆ. ಹೆತ್ತೆಯೇ ತಡೆದಳು.

"ಬೇಡ ಕೂಸೆ. ಹಿರಿಯರ ಮುಂದೆ ಬಾಗಿದ್ದಾನೆ. ಬಾಗಿದ ತಲೆಯ ನಾವು ಎತ್ತಬಾರದು."

ಆಮೇಲೆ ನಾನು ತಂದಿದ್ದ ಫ್ರೇಮನ್ನು, ಆ ಮೀಸೆಯ ಹಿರಿಯನನ್ನು, ನೋಡಿದಳು. ನಾನು ಅದನ್ನು ತೆಗೆದು ಬಟ್ಟೆಯಲ್ಲಿ ಸುತ್ತಲು ಹೋದೆ. "ಅದೂ ಇರಲಿ," ಎಂದಳು. "ಯಾವ ಹಟ್ಟಿಯವನೋ, ಯಾರ ಅಪ್ಪನೋ. ನಂಗಳವರು ಯಾರೂ ಇಲ್ಲದ ಊರಿಲಿ ಎನ್ನ ಅಪ್ಪನ ತಲೆ ಮೇಲೆ ಕೈ ಇಟ್ಟ. ಅವನ ಮುಂದೆ ನಾ ಬಾಗುವೆ." ಹಾಗೆ ಹೇಳಿ ನಿಜವಾಗಿಯೂ ಅವನ ಮುಂದೆ ಬಾಗಿದಳು. ನನ್ನ ನೀಲಿ ಹಿನ್ನೆಲೆಯ, ಕೈಯಿಲ್ಲದ ಆ ಮನುಷ್ಯನ ಮುಂದೆ.

ಬಾಗಿ ಎದ್ದವಳು ಟಿವಿಯ ಕಡೆ ತಿರುಗಿದಳು. ಅಲ್ಲಿ ಏನು ಮಾಡಬೇಕು ಎನ್ನುವುದು ಆ ಕೋಣೆಯಲ್ಲಿ ಯಾರಿಗೂ ತೋಚಲಿಲ್ಲ. ಅಪ್ಪನ ಮುಂದೆ ಮಗಳು ಬಾಗಬೇಕು, ಅದು ಸರಿ. ಆದರೆ ಇಲ್ಲಿ ಅಪ್ಪನೇ ಬಾಗಿ ನಿಂತಿದ್ದಾನೆ. ಅವನಿಗೆ ಇಪ್ಪತ್ತರ ಮೇಲೆ ಸ್ವಲ್ಪ, ಮಗಳಿಗೆ ಎಂಬತ್ತರ ಮೇಲೆ. ಹಿರಿಯರು ಯಾರು, ಕಿರಿಯರು ಯಾರು? ಇಂಥ ಪ್ರಶ್ನೆ ನಮ್ಮ ಹಟ್ಟಿಯಲ್ಲಿ ಹಿಂದೆ ಬಂದಿರಲಾರದು. ರಾಜೇಶ್‌ಕುಮಾರ್ ಹೆತ್ತೆಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಟಿವಿಯಲ್ಲಿ ಆ ತಲೆ ಹೆಚ್ಚುಕಡಿಮೆ ನಿಜವಾದ ತಲೆಯಷ್ಟೇ ಇತ್ತು. ಹೆತ್ತೆ ಅದನ್ನು ನೋಡುತ್ತಿದ್ದ ರೀತಿ ಮೆಲ್ಲಗೆ ಬದಲಾಯಿತು. ಮೊದಲು ಅಪ್ಪನನ್ನು ನೋಡುತ್ತಿದ್ದಳು. ಈಗ ಒಬ್ಬ ಹುಡುಗನನ್ನು ನೋಡುತ್ತಿದ್ದಳು. ಹೊಸ ಊರಿಗೆ ಬಂದು, ಹೆಂಡತಿಯನ್ನು ಬೆಟ್ಟದ ಮೇಲೆ ಬಿಟ್ಟು, ತನ್ನ ಮಾತಾಡುವ ಒಬ್ಬ ಹಿರಿಯ ಕಂಡಕೂಡಲೇ ರುಮಾಲು ತೆಗೆದು ನಿಂತ ಹುಡುಗ. ನನಗೂ ಆಗಲೇ ಅವನು ಕಂಡದ್ದು. ಅವನ ಮೇಲೆ ಎಷ್ಟು ಕನಿಕರ ಬಂತು ಎಂದರೆ ಹೇಳಲಾರೆ.

ಹೆತ್ತೆ ಬಲಗೈ ಎತ್ತಿದಳು. ಎಲೆ ಕಿತ್ತು ಕಿತ್ತು ಬೆರಳ ತುದಿ ಕಪ್ಪಾದ ಕೈ. ಆ ಹಿರಿಯನ ಕೈಯ ಪಕ್ಕದಲ್ಲಿ ಉಳಿದ ಜಾಗದಲ್ಲಿ, ಸುಳಿಗಳ ಮೇಲೆ, ಅದನ್ನು ಇಟ್ಟಳು.

"ಬದುಕು ಅಪ್ಪಾ, ಬದುಕು," ಎಂದಳು. "ಒಳ್ಳೆದಾಗಿ ಬದುಕು. ಒಂದು ಸಾವಿರ ಆಗು."

ಹರಕೆಯ ಮಾತನ್ನು ಒಂದನ್ನೂ ಬಿಡದೆ ಕೊನೆಯವರೆಗೆ ಹೇಳಿದಳು. ಎದುರುಮನೆಯವಳು ಈ ಸಲ ನಿಜವಾಗಿ ಅಳುತ್ತಿದ್ದಳು. ನಾನಂತೂ ಯಾವಾಗಲೋ ಶುರುಮಾಡಿದ್ದೆ. ಹೆತ್ತೆ ಮಾತ್ರ ಅಳಲಿಲ್ಲ. ಕೈ ತೆಗೆಯದೆ ಟಿವಿಗೆ ಇನ್ನಷ್ಟು ಹತ್ತಿರ ಸರಿದು, ಬಗ್ಗಿದವನ ಕಿವಿಗೆ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ಹೆಣ್ಣು ಕೂಸು ಅಪ್ಪಾ. ಲಿಂಗಿ ಅಂತ ಹೆಸರು ಇಟ್ಟರು."